ಓದಲಾಗದ ಸಾಲಿಗೆ ಹಸಿರು ಗುರುತು

ಜನರಿಂದ ಉಗುಳು ಕೇಳಿ ತೆಗೆದುಕೊಳ್ಳುವುದು ನನ್ನ ಕೆಲಸದ ಅರ್ಧ. ಆ ಉಗುಳಿನಿಂದ ತಿಳಿದದ್ದನ್ನು ಅವರ ಎದುರು ಕೂತು, ಅವರ ಮಾತಿನಲ್ಲೇ ಬಿಡಿಸಿ ಹೇಳುವುದು ಇನ್ನರ್ಧ. ನಮ್ಮದು ವಂಶವಾಹಿ ಪರೀಕ್ಷೆಯ ಕಂಪನಿ. ಡಾಕ್ಟರ ಚೀಟಿ ಬೇಕಿಲ್ಲ, ಯಾರು ಬೇಕಾದರೂ ಕಿಟ್ ಕೊಂಡು, ಅದರೊಳಗಿನ ಕೊಳವೆಗೆ ಉಗುಳಿ ಕೊಡಬಹುದು. ಬೆಂಗಳೂರಿನ ನಮ್ಮ ಲ್ಯಾಬ್ ಅದರಲ್ಲಿರುವ ಡಿಎನ್‌ಎ ಓದಿ, ನಿಮಗೆ ಯಾವ ಕಾಯಿಲೆ ಬರುವ ಸಂಭವ ಹೆಚ್ಚು, ಯಾವ ಔಷಧಿ ನಿಮ್ಮ ಮೈಗೆ ಒಗ್ಗುವುದಿಲ್ಲ ಎಂದು ವರದಿ ಕೊಡುತ್ತದೆ.

ಹಿಂದೂಪುರದಲ್ಲಿ ರೇಷ್ಮೆ ಸೀರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಕೇಂದ್ರ. ನಾನು ಅಲ್ಲಿನ ಜೆನೆಟಿಕ್ ಕೌನ್ಸೆಲರ್. ಜೊತೆಗೆ ಮಾದರಿ ತೆಗೆಯುವ ಒಬ್ಬಳು ಟೆಕ್ನಿಷಿಯನ್. ವಾರಕ್ಕೊಂದು ದಿನ ಇಬ್ಬರೂ ಕಂಪನಿಯ ವ್ಯಾನಿನಲ್ಲಿ ಪೆನುಕೊಂಡ ದಾಟಿ ಕಲ್ಯಾಣದುರ್ಗಕ್ಕೆ ಹೋಗಿ, ಬಸ್ ಸ್ಟ್ಯಾಂಡಿನ ಹತ್ತಿರದ ಬಾಡಿಗೆ ಕೋಣೆಯಲ್ಲಿ ಸಂಜೆಯವರೆಗೆ ಕೂರುತ್ತಿದ್ದೆವು. ನಾನು ಪರಿಗಿಯವಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಕೆಲಸದಲ್ಲಿ ಇಂಗ್ಲಿಷ್. ಕಂಪನಿ ನನ್ನನ್ನು ಇಲ್ಲಿಗೆ ಹಾಕಿದ್ದೇ ಆ ಕಾರಣಕ್ಕೆ.

ಶುರುವಿನಲ್ಲಿ ನಮ್ಮ ಮಾದರಿಗಳು ಬಹಳ ಕೆಡುತ್ತಿದ್ದವು. ಎಲೆಅಡಿಕೆ ಹಾಕಿಕೊಂಡು ಬರುವವರು, ಕಾಫಿ ಕುಡಿದು ಬರುವವರು, ಬಾಯಿ ಒಣಗಿ ಬರೀ ನೊರೆ ಕೊಡುವ ವಯಸ್ಸಾದವರು. ಮೇಲೆ ವ್ಯಾನಿನ ಬಿಸಿ ಬೇರೆ. ಬೇರೆ ಕಂಪನಿಯಾಗಿದ್ದರೆ ‘ಫೀಲ್ಡ್‌ನವರ ತಪ್ಪು’ ಎಂದು ಒಂದು ಮೇಲ್ ಬರುತ್ತಿತ್ತು. ಇಲ್ಲಿ ಲ್ಯಾಬಿನ ದತ್ತಾಂಶ ವಿಶ್ಲೇಷಕನೇ ಬಂದು ಒಂದು ದಿನ ನಮ್ಮ ಜೊತೆ ವ್ಯಾನಿನಲ್ಲಿ ಕೂತು ಕಲ್ಯಾಣದುರ್ಗಕ್ಕೆ ಹೋಗಿಬಂದ. ಮಾತು ಕಡಿಮೆ ಆಡುವ ಮನುಷ್ಯ. ಹಿಂದಿರುಗುವಾಗ ಅವನು ಹೇಳಿದ್ದರಿಂದ ನಮ್ಮ ಕ್ರಮ ಬದಲಾಯಿತು. ಬಂದವರನ್ನು ಅರ್ಧ ಗಂಟೆ ಏನೂ ಬಾಯಿಗೆ ಹಾಕದೆ ಕೂರಿಸುವುದು, ಕೆನ್ನೆಯನ್ನು ಹೊರಗಿನಿಂದ ತಿಕ್ಕಿಕೊಳ್ಳಲು ಹೇಳುವುದು, ಉಗುಳು ಬಾರದವರಿಗೆ ಕೊಳವೆ ಬಿಟ್ಟು ಹತ್ತಿಯ ಕಡ್ಡಿಯಿಂದ ಕೆನ್ನೆಯ ಒಳಭಾಗ ಸವರಿಕೊಳ್ಳುವುದು. ಆಮೇಲೆ ಕೆಡುವುದು ಬಹುಮಟ್ಟಿಗೆ ನಿಂತಿತು.

ಇನ್ನೊಂದು ಪದ್ಧತಿಯನ್ನೂ ಇಲ್ಲೇ ಹೇಳಬೇಕು. ನಾನು ಸೇರಿದ ದಿನ ನಮ್ಮ ವೈದ್ಯಕೀಯ ಮುಖ್ಯಸ್ಥೆ ಕಂಪ್ಯೂಟರಿನ ಪರದೆಯಲ್ಲಿ ಒಂದು ಗುಂಡಿ ತೋರಿಸಿದ್ದರು. ಅದರ ಮೇಲೆ ‘ತಡೆ’ ಎಂದು ಬರೆದಿತ್ತು. ಕಂಪನಿಯಲ್ಲಿ ಕೆಲಸ ಮಾಡುವ ಯಾರು ಒತ್ತಿದರೂ ಆ ಬಗೆಯ ವರದಿ ದೇಶದಲ್ಲಿ ಯಾರಿಗೂ ಹೋಗದಂತೆ ನಿಲ್ಲುತ್ತದೆ. ಯಾರ ಅಪ್ಪಣೆಯೂ ಬೇಡ, ಒಂದು ವಾಕ್ಯದಲ್ಲಿ ಕಾರಣ ಬರೆದರೆ ಸಾಕು. ನಾನು ಅದನ್ನು ಕಚೇರಿಗಳ ಗೋಡೆಯ ಮೇಲಿನ ಸಲಹಾ ಪೆಟ್ಟಿಗೆಯ ಹಾಗೆ ಅಂದುಕೊಂಡು ಮರೆತಿದ್ದೆ.

ಪೆನುಕೊಂಡದ ಹತ್ತಿರ ಕಾರು ಕಾರ್ಖಾನೆಗೆ ಬಿಡಿಭಾಗ ಮಾಡಿಕೊಡುವ ಒಂದು ಘಟಕದಲ್ಲಿ ನಾವು ಶಿಬಿರ ಇಟ್ಟಿದ್ದಾಗ, ಅಲ್ಲಿ ಭಾಗಗಳ ಗುಣಮಟ್ಟ ನೋಡುವ ಕೆಲಸದಲ್ಲಿದ್ದ ಹುಡುಗಿಯೊಬ್ಬಳು ತನ್ನ ತಾಯಿಗಾಗಿ ಕಿಟ್ ಕೊಂಡಳು. ಡಬ್ಬದ ಮೇಲೆ ‘ಅರಿವಳಿಕೆ ಔಷಧಿಗಳು’ ಎಂದು ಬರೆದಿರುವುದನ್ನು ಬೆರಳಿಟ್ಟು ತೋರಿಸಿ, ಇದು ನಿಜವಾಗಿ ಗೊತ್ತಾಗುತ್ತದೆಯೇ ಎಂದು ಎರಡು ಸಲ ಕೇಳಿದ್ದಳು. ಯಾಕೆ ಕೇಳಿದಳು ಎಂಬುದು ಮುಂದಿನ ವಾರ ತಾಯಿ ನಮ್ಮ ಕಲ್ಯಾಣದುರ್ಗದ ಕೋಣೆಗೆ ಬಂದಾಗ ತಿಳಿಯಿತು.

ಆಕೆಗೆ ಐವತ್ತರ ಆಸುಪಾಸು. ಹಿಂದೆ ಮನೆತುಂಬ ಮಗ್ಗ ಇದ್ದ ಕುಟುಂಬ. ಈಗ ಆಕೆ ಮತ್ತು ಆಕೆಯ ತಮ್ಮ ಸೇರಿ ಊರಿನಲ್ಲಿ ರೆಡಿಮೇಡ್ ಬಟ್ಟೆಯ ಅಂಗಡಿ ನಡೆಸುತ್ತಾರೆ. ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡಿದ್ದರು. ಸೆರಗಿನ ಅಡಿಯಲ್ಲಿ ಥೈರಾಯ್ಡಿನ ಗಡ್ಡೆ, ಮುಷ್ಟಿಗಿಂತ ದೊಡ್ಡದು. ಅದು ಉಸಿರಿನ ಕೊಳವೆಯನ್ನು ಒತ್ತುತ್ತಿದೆ, ತೆಗೆಸಲೇಬೇಕು ಎಂದು ಡಾಕ್ಟರುಗಳು ಹೇಳಿ ಬಹಳ ದಿನವಾಗಿತ್ತು. ಆಕೆ ಮಲಗಿದರೆ ಉಸಿರು ಕಟ್ಟುತ್ತದೆಂದು ದಿಂಬುಗಳಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು. ಆದರೆ ಆಪರೇಷನ್ ಅಂದರೆ ಒಪ್ಪುತ್ತಿರಲಿಲ್ಲ.

“ನಮ್ ವಂಸುದವ್ರಿಗೆ ಮತ್ತು ಬರ್ಸೋ ಮದ್ದು ಆಗಿಬರಲ್ಲ ಕಣಮ್ಮ” ಅಂದರು.

ಅವರ ದೊಡ್ಡಮ್ಮ ಒಬ್ಬರು ಆಪರೇಷನ್ ಮೇಜಿನಿಂದ ಮೇಲೇಳಲಿಲ್ಲವಂತೆ. ತಮ್ಮನಿಗೆ ಹರೆಯದಲ್ಲಿ ಅಪೆಂಡಿಕ್ಸ್ ತೆಗೆದಾಗ ಉಸಿರೇ ಬಾರದೆ, ಯಾರೋ ಗಾಳಿಯ ಚೀಲ ಒತ್ತಿ ಒತ್ತಿ ಉಸಿರು ಕೊಟ್ಟು ಉಳಿಸಿದರಂತೆ. ಹೋದ ಕಡೆಯಲ್ಲೆಲ್ಲ ಡಾಕ್ಟರುಗಳಿಗೆ ಇದನ್ನು ಹೇಳಿದ್ದಾರೆ. ಅದೆಲ್ಲ ಹಳೇ ಕಾಲ, ಭಯಪಡಬೇಡಿ ಎಂದು ಎಲ್ಲರೂ ಸಮಾಧಾನ ಹೇಳಿ ಕಳಿಸಿದ್ದಾರೆ. ನಾನು ಅವರ ಮಾತನ್ನು ಮಾದರಿಯ ಜೊತೆಗಿನ ಟಿಪ್ಪಣಿಯಲ್ಲಿ ಬರೆದು ಕಳಿಸಿದೆ.

ಕೆಲವು ವಾರಗಳ ಮೇಲೆ ಮಗಳು ಹಿಂದೂಪುರದ ಕೇಂದ್ರಕ್ಕೆ ಸಿಹಿಯ ಡಬ್ಬ ಹಿಡಿದು ಬಂದಳು. ವರದಿ ಅವಳ ಫೋನಿಗೆ ಬಂದಿತ್ತು. ಮೊದಲ ಪುಟದಲ್ಲಿ ‘ಅರಿವಳಿಕೆ ಔಷಧಿಗಳು’ ಎಂಬ ಸಾಲಿನ ಮುಂದೆ ಹಸಿರು ಗುರುತು, ಕೆಳಗೆ ತೆಲುಗಿನಲ್ಲಿ ‘ತೊಂದರೆ ಕಂಡುಬಂದಿಲ್ಲ’ ಎಂಬ ಮಾತು. ಅದನ್ನು ತೋರಿಸಿ ತಾಯಿಯನ್ನು ಒಪ್ಪಿಸಿದ್ದಳು. ಹಿಂದೂಪುರದ ನರ್ಸಿಂಗ್ ಹೋಮ್ ಒಂದರಲ್ಲಿ ಮುಂದಿನ ವಾರಕ್ಕೇ ಆಪರೇಷನ್ ನಿಗದಿಯಾಗಿತ್ತು. ಸಿಹಿ ತಿಂದೆ, ನನಗೂ ಸಂತೋಷವಾಯಿತು. ಅವಳು ಟೆಕ್ನಿಷಿಯನ್ ಜೊತೆ ಮಾತಾಡುತ್ತಿದ್ದಾಗ ನಾನು ಆ ವರದಿಯ ಒಳಪುಟ ತೆಗೆದೆ.

ಒಳಪುಟದಲ್ಲಿ ಹಸಿರು ಇರಲಿಲ್ಲ. ಅರಿವಳಿಕೆಗೆ ಸಂಬಂಧಪಟ್ಟ ಒಂದು ವಂಶವಾಹಿಯ ಒಂದು ಜಾಗದ ಎದುರು ‘ಓದಲಾಗಿಲ್ಲ’ ಎಂದಿತ್ತು.

ವಿಷಯ ಇಷ್ಟು. ಆಪರೇಷನ್‌ಗೆ ಮುಂಚೆ ಗಂಟಲಿಗೆ ಕೊಳವೆ ಇಳಿಸಲು ಮೈಯ ಸ್ನಾಯುಗಳನ್ನೆಲ್ಲ ಸಡಿಲ ಮಾಡುವ ಒಂದು ಔಷಧಿ ಕೊಡುವುದುಂಟು, ಸಕ್ಸಿನೈಲ್‌ಕೋಲೀನ್ ಎಂದು ಅದರ ಹೆಸರು. ರಕ್ತದಲ್ಲಿರುವ ಒಂದು ಕಿಣ್ವ ಅದನ್ನು ಕೆಲವೇ ನಿಮಿಷಗಳಲ್ಲಿ ಕರಗಿಸಿಬಿಡುತ್ತದೆ. ಹುಟ್ಟಿನಿಂದಲೇ ಆ ಕಿಣ್ವ ಕೆಲಸ ಮಾಡದವರು ಅಲ್ಲಲ್ಲಿ ಇರುತ್ತಾರೆ, ಸಂಬಂಧದೊಳಗೇ ಮದುವೆಯಾಗುವ ಕುಟುಂಬಗಳಲ್ಲಿ ಸ್ವಲ್ಪ ಹೆಚ್ಚು. ಅಂಥವರಿಗೆ ಔಷಧಿ ಗಂಟೆಗಟ್ಟಲೆ ಇಳಿಯುವುದಿಲ್ಲ. ಎದೆ ಆಡುವುದಿಲ್ಲ, ರೆಪ್ಪೆ ಮೇಲೇಳುವುದಿಲ್ಲ. ಯಾರಾದರೂ ಉಸಿರು ಕೊಡುತ್ತಲೇ ಇದ್ದರೆ ಬದುಕುತ್ತಾರೆ. ತಮ್ಮನ ಕಥೆ ಅಕ್ಷರಶಃ ಇದೇ. ಈ ಕಿಣ್ವದ ವಂಶವಾಹಿಯನ್ನೇ ನಮ್ಮ ಯಂತ್ರ ಓದಲಾಗಿಲ್ಲ ಅಂದಿತ್ತು. ದೋಷ ಸಿಗಲಿಲ್ಲವಲ್ಲ ಎಂದು ನಮ್ಮ ಸಾಫ್ಟ್‌ವೇರ್ ಅದನ್ನು ಒಯ್ದು ಮೊದಲ ಪುಟದ ಹಸಿರು ಗುಂಪಿಗೆ ಸೇರಿಸಿತ್ತು.

ನಾನು ಮಗಳನ್ನು ಕರೆದು ಕೂರಿಸಿ, ಪರದೆ ಅವಳ ಕಡೆ ತಿರುಗಿಸಿ, ಇದ್ದದ್ದನ್ನು ಹೇಳಿದೆ. ಅವಳು ಎರಡೂ ಪುಟ ನೋಡಿದಳು. ದನಿ ಏರಿಸಲಿಲ್ಲ.

“ನಮ್ ಪ್ಲಾಂಟಲ್ಲಿ ಚೆಕ್ ಮಾಡ್ದೇ ಇರೋ ಪಾರ್ಟ್‌ಗೆ ಹಳದಿ ಟ್ಯಾಗ್ ಹಾಕಿ ಬೇರೆ ಇಡ್ತೀವಿ ಮೇಡಂ. ಅದನ್ನ ಯಾರಾದ್ರೂ ಹಸಿರು ಟ್ರೇಗೆ ಹಾಕಿದ್ರೆ ಲೈನೇ ನಿಲ್ಲಿಸ್ತಾರೆ. ನೀವು ನಮ್ಮಮ್ಮನ್ನ ಹಸಿರು ಟ್ರೇಗೆ ಹಾಕ್ಬುಟ್ರಲ್ಲ.”

ಅವಳ ಎದುರಿಗೇ ‘ತಡೆ’ ಒತ್ತಿದೆ. ಕಾರಣದ ಜಾಗದಲ್ಲಿ, ಓದಲಾಗದ ಜಾಗವನ್ನು ತೊಂದರೆ ಇಲ್ಲ ಎಂದು ತೋರಿಸುತ್ತಿದೆ, ಒಬ್ಬರಿಗೆ ಆಪರೇಷನ್ ನಿಗದಿಯಾಗಿದೆ ಎಂದು ಬರೆದೆ. ದಸರಾ ಮುಂದಿತ್ತು. ಕಂಪನಿಗೆ ವರ್ಷದ ದೊಡ್ಡ ಮಾರಾಟದ ಕಾಲ, ಎಲ್ಲೆಲ್ಲೂ ನಮ್ಮ ಜಾಹೀರಾತು ಓಡುತ್ತಿತ್ತು. ಕೆಲಸ ಹೋದರೆ ಮನೆಯಲ್ಲಿ ಏನು ಹೇಳಬೇಕು ಎಂದು ಯೋಚಿಸಿದ್ದು ಸುಳ್ಳಲ್ಲ.

ಸ್ವಲ್ಪ ಹೊತ್ತಿಗೇ ಫೋನ್ ಬಂತು. ವಿಶ್ಲೇಷಕ. ಮೊದಲ ಮಾತೇ “ಒತ್ತಿದ್ದು ಒಳ್ಳೇದಾಯ್ತು” ಅಂದ. ಆಮೇಲೆ ವೈದ್ಯಕೀಯ ಮುಖ್ಯಸ್ಥೆ, ಮಾರಾಟದ ಮುಖ್ಯಸ್ಥರು, ಕಂಪನಿ ಕಟ್ಟಿದವರು ಎಲ್ಲ ಒಂದೇ ಕರೆಯಲ್ಲಿ ಸೇರಿದರು. ನನ್ನನ್ನು ಯಾರಾದರೂ ಗದರಿಸುತ್ತಾರೆಂದು ಕಾದೆ. ವೈದ್ಯಕೀಯ ಮುಖ್ಯಸ್ಥೆ ಕೇಳಿದ ಮೊದಲ ಪ್ರಶ್ನೆ ಆಪರೇಷನ್ ಯಾವತ್ತು ಎಂದು. ಎರಡನೆಯದು, ಮನೆಯವರಿಗೆ ಯಾರು ಹೇಳಿದ್ದಾರೆ ಎಂದು. ಮಗಳು ಪಕ್ಕದಲ್ಲೇ ಇದ್ದಾಳೆ ಅಂದಾಗ ಅವಳನ್ನೇ ಫೋನಿಗೆ ಕರೆದು, ತಪ್ಪು ಕಂಪನಿಯದು ಎಂದು ನೇರವಾಗಿ ಹೇಳಿದರು. ನರ್ಸಿಂಗ್ ಹೋಮಿನ ಅರಿವಳಿಕೆ ಡಾಕ್ಟರ ಜೊತೆ ಮಾತಾಡಲು ಅವಳ ಒಪ್ಪಿಗೆ ಕೇಳಿದರು.

ಆಮೇಲೆ ಮಾರಾಟದ ಮುಖ್ಯಸ್ಥರು ಆ ಒಂದು ಸಾಲು ಮಾತ್ರ ತೆಗೆದು ಉಳಿದ ವರದಿ ಕಳಿಸಬಹುದೇ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ವೈದ್ಯಕೀಯ ಮುಖ್ಯಸ್ಥೆ, ಓದಲಾಗದ್ದನ್ನು ಹಸಿರಿಗೆ ಸೇರಿಸುವ ಚಾಳಿ ಯಾವ ಸಾಲಿನಲ್ಲಿ ಬೇಕಾದರೂ ಇರಬಹುದು ಅಂದರು. ಕಂಪನಿ ಕಟ್ಟಿದವರು “ಹಾಗಾದರೆ ಎಲ್ಲಾ ನಿಲ್ಲಲಿ” ಅಂದರು. ಹಬ್ಬದ ಮಾರಾಟ ಅಲ್ಲಿಗೆ ನಿಂತಿತು.

ಅವತ್ತೇ ವಿಶ್ಲೇಷಕ ಇನ್ನೊಂದು ವಿಷಯ ಹೇಳಿದ. ಆ ಜಾಗ ಬೇರೆ ಊರುಗಳ ಮಾದರಿಗಳಲ್ಲಿ ಸಲೀಸಾಗಿ ಓದಲು ಸಿಗುತ್ತದೆ. ಸಿಗದವು ಹೆಚ್ಚಾಗಿ ನಮ್ಮ ಕೇಂದ್ರದವೇ. ನಾನು ಬಿಸಿಲು, ಎಲೆಅಡಿಕೆ ಅಂದೆ. ಅವನು ಇಲ್ಲ ಅಂದ. ಮಾದರಿ ಕೆಟ್ಟಿದ್ದರೆ ಎಲ್ಲ ಜಾಗಗಳಲ್ಲೂ ಕೆಡಬೇಕು. ಉಳಿದದ್ದೆಲ್ಲ ಸ್ವಚ್ಛವಾಗಿದ್ದು ಒಂದೇ ಜಾಗ ಹೇಗೆ ಕೆಡುತ್ತದೆ? ಡಿಎನ್‌ಎ ಓದಲು ಯಂತ್ರದೊಳಗೆ ಇಡುವ ನಮ್ಮ ಚಿಪ್ ತಯಾರಾಗಿರುವುದು ಬಹುಮಟ್ಟಿಗೆ ಬೇರೆ ದೇಶದವರ ಡಿಎನ್‌ಎ ನೋಡಿಕೊಂಡು. ಇಲ್ಲಿಯ ಕೆಲವು ಕುಟುಂಬಗಳಲ್ಲಿ ಆ ಜಾಗದ ಪಕ್ಕದಲ್ಲೇ ಡಿಎನ್‌ಎಯ ಒಂದು ಅಕ್ಷರ ಬದಲಾಗಿದ್ದರೆ ಚಿಪ್ ಅಲ್ಲಿಗೆ ಅಂಟಿಕೊಳ್ಳುವುದಿಲ್ಲ, ಯಂತ್ರ ‘ಓದಲಾಗಿಲ್ಲ’ ಅನ್ನುತ್ತದೆ. ಆ ಬದಲಾವಣೆ ದೋಷದ ಜೊತೆಗೇ ವಂಶದಲ್ಲಿ ಇಳಿದು ಬರುತ್ತಿದ್ದರೆ, ನಾವು ಕೆಟ್ಟ ಮಾದರಿ ಎಂದು ತಿಳಿದದ್ದೇ ದೋಷದ ಗುರುತಾಗಿರಬಹುದು. ನಾನು ಬರೆದು ಕಳಿಸಿದ ತಮ್ಮನ ಕಥೆಯನ್ನು ಅವನು ಓದಿದ್ದ. ಅದರಿಂದಲೇ ಈ ಅನುಮಾನ ಬಂತು ಅಂದ.

ಮಾರನೆಯ ಬೆಳಿಗ್ಗೆ ಕಲ್ಯಾಣದುರ್ಗಕ್ಕೆ ಹೋದೆ. ಮಗಳು ಮನೆಯಲ್ಲಿ ಆಗಲೇ ಹೇಳಿದ್ದಳು. ಅಂಗಡಿಯಲ್ಲಿ ಅಕ್ಕ ಗಲ್ಲಾದ ಹತ್ತಿರ, ತಮ್ಮ ಒಂದು ಮೂಲೆಯಲ್ಲಿ ಮಕ್ಕಳ ಬಟ್ಟೆ ಜೋಡಿಸುತ್ತಾ ಇದ್ದರು. ನಾನು ಸಿದ್ಧಮಾಡಿಕೊಂಡು ಹೋಗಿದ್ದ ಮಾತನ್ನೆಲ್ಲ ಹೇಳಿದೆ. ಆ ಒಂದು ಔಷಧಿ ಬಿಟ್ಟು ಬೇರೆ ಔಷಧಿಯಲ್ಲಿ ಆಪರೇಷನ್ ಮಾಡಬಹುದು, ಮೊದಲು ಒಂದು ರಕ್ತ ಪರೀಕ್ಷೆ ಮಾಡಿಸೋಣ ಅಂದೆ. ಆಕೆ ಕೊನೆಯವರೆಗೂ ಕೇಳಿಸಿಕೊಂಡರು.

“ನಿಮ್ ಕಾಗ್ದ ನಂಬ್ಕಂಡು ಒಪ್ಕಂಡ್ಬುಟ್ಟಿದ್ದೆ. ಇನ್ ಯಾವ್ ಕಾಗ್ದಾನೂ ಬ್ಯಾಡ, ಆಪ್ರೇಸನ್ನೂ ಬ್ಯಾಡ. ಚಾಲು ತಲ್ಲಿ, ನೀವು ಹೋಗ್ಬನ್ನಿ.”

ಸಾಕು ತಾಯಿ ಎಂದು ತೆಲುಗಿನಲ್ಲಿ ಅಂದದ್ದು ಸಿಟ್ಟಿಗಿಂತ ಹೆಚ್ಚಾಗಿ ನೋಯಿಸಿತು. ತಮ್ಮ ತಲೆ ಎತ್ತಲಿಲ್ಲ. ನರ್ಸಿಂಗ್ ಹೋಮಿಗೆ ಫೋನ್ ಮಾಡಿ ಅಕ್ಕನೇ ದಿನಾಂಕ ರದ್ದು ಮಾಡಿಸಿದ್ದರು.

ವ್ಯಾನಿನಲ್ಲಿ ಕೂತು ಮುಖ್ಯಸ್ಥೆಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಿಜ ಹೇಳಿದೆವು, ಸರಿ. ಆದರೆ ನಿಜ ಹೇಳಿದ್ದರಿಂದ ಆಕೆ ಮತ್ತೆ ದಿಂಬಿಗೆ ಒರಗಿ ಕೂರುವ ಹಾಗಾಯಿತು. ಗಡ್ಡೆ ಬೆಳೆಯುತ್ತಲೇ ಇತ್ತು. ಮುಖ್ಯಸ್ಥೆ ನನಗೆ ಸಮಾಧಾನ ಹೇಳಲಿಲ್ಲ. “ನಾನು ಬರ್ತೀನಿ. ಅವರ ತಮ್ಮ ಇರ್ತಾರಾ, ಕೇಳಿಡಿ” ಅಂದರು.

ಅವರು ಬಂದರು. ದೊಡ್ಡ ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ಬಂದ ಡಾಕ್ಟರು, ಕಂಪನಿಯಲ್ಲಿ ಅವರ ಮಾತೇ ಕೊನೆ. ಅಂಗಡಿಯ ಒಳಗೆ, ಬಟ್ಟೆಯ ಗಂಟುಗಳ ನಡುವೆ ಚಾಪೆಯ ಮೇಲೆ ಕೂತರು. ವರದಿಯ ಮಾತೇ ಎತ್ತಲಿಲ್ಲ. ಅಕ್ಕನಿಗೆ, ತಪ್ಪು ನಮ್ಮದು, ನಿಮ್ಮ ಸಿಟ್ಟು ನ್ಯಾಯವಾದದ್ದು ಅಂದರು. ಆಮೇಲೆ ತಮ್ಮನ ಕಡೆ ತಿರುಗಿ, ಆವತ್ತು ಆಪರೇಷನ್ ದಿನ ಏನಾಯಿತು, ನಿಮಗೆ ನೆನಪಿರುವುದನ್ನೆಲ್ಲ ಹೇಳಿ ಎಂದು ಕೇಳಿದರು.

ತಮ್ಮ ಒಂದು ಅಂಗಿ ಕೈಗೆತ್ತಿಕೊಂಡರು. ಅದನ್ನು ಮಡಿಸುತ್ತಲೇ ಹೇಳತೊಡಗಿದರು.

“ಎಲ್ಲಾ ಕೇಳುಸ್ತಿತ್ತಮ್ಮ. ಇವ್ನು ಏಳ್ತಿಲ್ಲ ಅಂತ ಒಬ್ರು ಅಂತಿದ್ರು. ಒತ್ತು ಒತ್ತು ಅಂತಿದ್ರು ಇನ್ನೊಬ್ರು. ಬದ್ಕಿದೀನಿ ಅನ್ನಾನ ಅಂದ್ರೆ ಬಾಯಿ ಆಡ್ಲಿಲ್ಲ. ಕಣ್ಣು ತೆರ್ಯಾನ ಅಂದ್ರೆ ರೆಪ್ಪೆ ಏಳ್ಲಿಲ್ಲ. ಅಕ್ಕ ಹೊರ್ಗಡೆ ಅಳ್ತಿದ್ದುದ್ದೂ ಕೇಳುಸ್ತು.”

ಅಕ್ಕ ಇದನ್ನು ಮೊದಲ ಸಲ ಕೇಳುತ್ತಿದ್ದರು. ಅದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಎಚ್ಚರಾದ ಮೇಲೆ ಡಾಕ್ಟರಿಗೆ ಹೇಳಿದೆ, ಮತ್ತಿನಲ್ಲಿ ಕನಸು ಬಿದ್ದಿದೆ ಅಂದುಬಿಟ್ಟರು, ಆಮೇಲೆ ಯಾರಿಗೂ ಹೇಳಲಿಲ್ಲ ಎಂದು ತಮ್ಮ ಮುಗಿಸಿದರು.

ಮುಖ್ಯಸ್ಥೆ ಪೂರ್ತಿ ಕೇಳಿಸಿಕೊಂಡಿದ್ದರು. ಈಗ ಹೇಳಿದರು. “ಕನಸಲ್ಲಪ್ಪ. ನೀವು ಹೇಳಿದ್ದು ಒಂದೊಂದೂ ನಿಜ. ಅದಕ್ಕೆ ಹೆಸರಿದೆ, ಪರೀಕ್ಷೆ ಇದೆ. ನಿಮ್ಮ ಅಕ್ಕನಿಗೆ ಹಾಗಾಗದಂತೆ ನೋಡಿಕೊಳ್ಳೋ ದಾರಿನೂ ಇದೆ.”

ತಮ್ಮ ಅಂಗಿ ಪಕ್ಕಕ್ಕಿಟ್ಟು, ಯಾವ ಪರೀಕ್ಷೆ, ಏನು ಕೊಡಬೇಕು ಎಂದು ಕೇಳಿದರು. ರಕ್ತ ಅಂದಾಗ ಅಂಗಿಯ ತೋಳು ಮಡಿಸಿದರು. ಸ್ವಲ್ಪ ಹೊತ್ತಿನ ಮೇಲೆ ಅಕ್ಕ ತಾವೂ ಬಂದು ಪಕ್ಕದಲ್ಲಿ ಕೂತರು.

ಕಂಪನಿಯ ನೈತಿಕ ಸಮಿತಿಯ ಅನುಮತಿಯನ್ನು ಮುಖ್ಯಸ್ಥೆ ಮೊದಲೇ ಪಡೆದು ತಂದಿದ್ದರು. ಒಪ್ಪಿಗೆಯ ಕಾಗದವನ್ನು ನಾನು ಕನ್ನಡದಲ್ಲೂ ತೆಲುಗಿನಲ್ಲೂ ಓದಿ ಹೇಳಿದೆ. ಟೆಕ್ನಿಷಿಯನ್ ರಕ್ತ ತೆಗೆದಳು. ಆ ಕಿಣ್ವದ ಪರೀಕ್ಷೆಗೆ ರಕ್ತ ಹೆಪ್ಪುಗಟ್ಟಿದ ಮೇಲೆ ಯಂತ್ರದಲ್ಲಿ ತಿರುಗಿಸಿ, ಮೇಲೆ ನಿಲ್ಲುವ ತಿಳಿಯನ್ನು ಬೇರೆ ಮಾಡಿ, ಐಸಿನಲ್ಲಿಟ್ಟು ಕಳಿಸಬೇಕು. ಪಕ್ಕದ ಬೀದಿಯ ಲ್ಯಾಬಿನವರು ಯಂತ್ರ ಬಳಸಲು ಬಿಟ್ಟರು. ಅದು ತಿರುಗತೊಡಗಿದ ಹೊತ್ತಿಗೆ ಕರೆಂಟ್ ಹೋಯಿತು, ಅವರ ಬ್ಯಾಟರಿಗೆ ಆ ಯಂತ್ರ ಎಳೆಯುವ ಶಕ್ತಿ ಇರಲಿಲ್ಲ. ಕರೆಂಟ್ ಮರಳಿ ಬರುವಷ್ಟರಲ್ಲಿ ತಿಳಿ ಕೆಂಪಗಾಗಿ ಕೆಟ್ಟಿತ್ತು. ಇನ್ನೊಮ್ಮೆ ಕೊಡಿ ಎಂದು ಕೇಳಲು ನಮಗೆ ಮುಖ ಇರಲಿಲ್ಲ. ಟೆಕ್ನಿಷಿಯನ್ ಅಂಗಡಿಗೆ ಹೋಗಿ ನಡೆದದ್ದು ಹೇಳಿದಳು. ಅಕ್ಕ ಇನ್ನೊಂದು ತೋಳು ಚಾಚಿ, ಈ ಸಲ ಕರೆಂಟಿನವರನ್ನು ಕೇಳಿಕೊಂಡು ತೆಗಿ ಅಂದರಂತೆ. ಅವರು ನಕ್ಕದ್ದನ್ನು ಅವಳು ಮೊದಲ ಸಲ ನೋಡಿದ್ದು. ಎರಡನೆಯ ಸಲ ಎಲ್ಲ ಸರಿಹೋಯಿತು. ಐಸ್ ಪೆಟ್ಟಿಗೆಯನ್ನು ಮುಖ್ಯಸ್ಥೆ ತಮ್ಮ ಕಾರಿನಲ್ಲೇ ಬೆಂಗಳೂರಿಗೆ ಒಯ್ದರು.

ಫಲಿತಾಂಶ ಬಂದಾಗ ಅನುಮಾನ ಉಳಿಯಲಿಲ್ಲ. ಅಕ್ಕ ತಮ್ಮ ಇಬ್ಬರ ರಕ್ತದಲ್ಲೂ ಆ ಕಿಣ್ವದ ಕೆಲಸ ಇಲ್ಲವೆನ್ನುವಷ್ಟು ಕಡಿಮೆ. ಆಮೇಲೆ ರಕ್ತ ಕೊಟ್ಟಿದ್ದ ಮಗಳದು ಅರ್ಧದಷ್ಟು, ಅವಳಿಗೆ ತಾಯಿಯ ಕಡೆಯಿಂದ ಬಂದದ್ದು ದೋಷದ ಒಂದು ಪ್ರತಿ ಮಾತ್ರ. ಅಷ್ಟರಲ್ಲಿ ವಿಶ್ಲೇಷಕ ಚಿಪ್ ಬಿಟ್ಟು, ಆ ವಂಶವಾಹಿಯನ್ನು ಅಕ್ಷರ ಅಕ್ಷರವಾಗಿ ಓದಿಸಿದ್ದ. ಓದಲಾಗದ ಜಾಗದಲ್ಲಿ ದೋಷವಿತ್ತು, ಅವನು ಊಹಿಸಿದ್ದ ಹಾಗೆ ಅದರ ಮಗ್ಗುಲಲ್ಲೇ ಬದಲಾದ ಅಕ್ಷರ ಕೂತಿತ್ತು.

ನರ್ಸಿಂಗ್ ಹೋಮಿನ ಅರಿವಳಿಕೆ ಡಾಕ್ಟರು ನಾವೆಲ್ಲ ಹೋಗಿ ಕಾಗದ ಮುಂದಿಟ್ಟಾಗ ಅದನ್ನು ನಿಧಾನವಾಗಿ ಓದಿದರು. ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ ಅಂದರು. ಗಡ್ಡೆ ಉಸಿರಿನ ಕೊಳವೆ ಒತ್ತುತ್ತಿದ್ದರಿಂದ, ಬೇಗ ಹತ್ತಿ ಬೇಗ ಇಳಿಯುತ್ತದೆ ಎಂದು ತಾವು ಕೊಡಬೇಕೆಂದಿದ್ದದ್ದು ಅದೇ ಔಷಧಿ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ತಮ್ಮನನ್ನು ಕೂರಿಸಿಕೊಂಡು ಹಳೆಯ ಕಥೆಯನ್ನು ಅವರೂ ಕೇಳಿದರು. ಬೇರೆ ಔಷಧಿ, ಅದನ್ನು ಇಳಿಸುವ ಮದ್ದು, ಹೆಚ್ಚು ಹೊತ್ತು ಬೇಕಾದರೆ ಉಸಿರಾಟದ ಯಂತ್ರ, ಎಲ್ಲವನ್ನೂ ಮುಂಚೆಯೇ ಗೊತ್ತು ಮಾಡಿಕೊಂಡರು. ಹೊಸದಾಗಿ ನಿಗದಿಯಾದ ದಿನದ ಬೆಳಿಗ್ಗೆ ಅಕ್ಕ ಒಳಗೆ ಹೋದರು.

ನಾನು ಹೊರಗೆ ಬೆಂಚಿನ ಮೇಲೆ ತಮ್ಮನ ಪಕ್ಕದಲ್ಲಿದ್ದೆ. ಮಗಳು ಬಾಗಿಲ ಹತ್ತಿರ ನಿಂತೇ ಇದ್ದಳು. ಕಂಪನಿಯ ಕೆಲಸವಾಗಿ ನಾನು ಅಲ್ಲಿ ಇರಬೇಕಾದ್ದೇನೂ ಇರಲಿಲ್ಲ. ಆದರೆ ಮುಖ್ಯಸ್ಥೆ ಹಿಂದಿನ ದಿನವೇ ಹೇಳಿದ್ದರು, ಕೇಂದ್ರಕ್ಕೆ ಬೀಗ ಹಾಕಿ ಅಲ್ಲೇ ಇರಿ ಎಂದು. ತಮ್ಮ ಒಮ್ಮೆ ಮಾತ್ರ ಮಾತಾಡಿದರು. ಈಗ ಅಕ್ಕನಿಗೂ ಒಳಗಿನ ಮಾತೆಲ್ಲ ಕೇಳಿಸುತ್ತಿರುತ್ತದೆಯೇ ಎಂದು ಕೇಳಿದರು. ಇಲ್ಲ, ನಿದ್ದೆಯಲ್ಲಿರುತ್ತಾರೆ, ಎದ್ದ ಮೇಲೇ ಕೇಳಿಸುವುದು ಅಂದೆ. ನನ್ನ ಮಾತನ್ನು ನಂಬಿದರೋ ಇಲ್ಲವೋ ತಿಳಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅರಿವಳಿಕೆ ಡಾಕ್ಟರು ಮಾಸ್ಕ್ ಇಳಿಸಿಕೊಂಡು ಹೊರಗೆ ಬಂದರು. ಗಡ್ಡೆ ತೆಗೆದಾಯಿತು, ಗಂಟಲಿಗೆ ಇಳಿಸಿದ್ದ ಕೊಳವೆಯನ್ನೂ ತೆಗೆದಾಯಿತು, ತಾವಾಗಿಯೇ ಉಸಿರಾಡುತ್ತಿದ್ದಾರೆ ಅಂದರು. ತಮ್ಮ ಎದ್ದು ನಿಂತರು, ಮತ್ತೆ ಕೂತರು. ಒಳಗೆ ಬಿಟ್ಟಾಗ ಮಗಳು ಮಾಮನನ್ನೇ ಮುಂದೆ ಕಳಿಸಿದಳು. ಅಕ್ಕ ಕಣ್ಣು ಬಿಟ್ಟಿದ್ದರು. ಕುತ್ತಿಗೆಗೆ ಪಟ್ಟಿ. ದನಿ ಹೊರಡುವುದೇ ಕಷ್ಟವಿತ್ತು.

“ಎದ್ದೆ ಕಣ್ಲಾ” ಅಂದರು.

ತಮ್ಮ ಅಕ್ಕನ ಕಾಲು ಹಿಡಿದುಕೊಂಡು ಹಾಗೇ ನಿಂತುಬಿಟ್ಟರು. ನಾನು ಹೊರಗೆ ಬಂದು ಮುಖ್ಯಸ್ಥೆಗೆ ಫೋನ್ ಮಾಡಿದೆ. ಅವರ ಹಿಂದೆ ಯಾವುದೋ ಸಭೆಯ ಗದ್ದಲ ಕೇಳುತ್ತಿತ್ತು. ನಾನು ಹೇಳಿದ್ದನ್ನು ಅವರು ಅಲ್ಲಿ ಗಟ್ಟಿಯಾಗಿ ಹೇಳಿದರು. ಗದ್ದಲ ನಿಂತುಹೋಯಿತು.

ಇದಾದ ಮೇಲೆ ಕಂಪನಿ ಮಾಡಿದ ಕೆಲಸ ಹೊರಗಿನವರಿಗೆ ಕಾಣುವಂಥದ್ದಲ್ಲ. ಮೊದಲ ಪುಟದಲ್ಲಿ ಹಸಿರು, ಕೆಂಪಿನ ಜೊತೆಗೆ ಮೂರನೆಯ ಬಣ್ಣ ಬಂತು: ಹಳದಿ, ‘ನೋಡಲಾಗಿಲ್ಲ’. ಅದು ಆ ಮಗಳ ಪ್ಲಾಂಟಿನ ಟ್ಯಾಗಿನಿಂದ ಬಂದದ್ದು ಎಂದು ವಿಶ್ಲೇಷಕ ಸಭೆಯಲ್ಲಿ ಎಲ್ಲರಿಗೂ ಹೇಳಿದ. ಹಳದಿ ಸಾಲು ಇದ್ದರೆ ಕೌನ್ಸೆಲರ್ ಮಾತಾಡಿದ ಮೇಲೇ ವರದಿ ತೆರೆಯುತ್ತದೆ. ಹಿಂದೆ ಅಂಥ ಸಾಲಿಗೆ ಹಸಿರು ಗುರುತು ಹೋಗಿದ್ದವರಿಗೆಲ್ಲ ಫೋನ್ ಮಾಡಿದೆವು. ಮೇಲ್ ಕಳಿಸಿ ಕೈತೊಳೆದುಕೊಳ್ಳುವುದು ಬೇಡ ಎಂದು ತೀರ್ಮಾನವಾಗಿತ್ತು. ಕೌನ್ಸೆಲರುಗಳು ಸಾಲದಾದಾಗ ಲೆಕ್ಕಪತ್ರದವರು, ಮಾರಾಟದವರು ಕೂಡ ತಮ್ಮ ತಮ್ಮ ಭಾಷೆಯಲ್ಲಿ ಕರೆ ಮಾಡಿದರು. ಹಬ್ಬದ ಮಾರಾಟ ಕಳೆದುಕೊಂಡ ಆ ಮಾರಾಟದ ಮುಖ್ಯಸ್ಥರು ತೆಲುಗಿನವರು; ಅನಂತಪುರದ ಕಡೆಯ ಕರೆಗಳನ್ನು ಅವರೇ ವಹಿಸಿಕೊಂಡರು. ಒಂದೊಂದು ಕರೆಯೂ ‘ಪೊರಪಾಟು ಮಾದೇ ಅಂಡಿ’, ತಪ್ಪು ನಮ್ಮದೇ ಎಂದು ಶುರುವಾಗುತ್ತಿದ್ದದ್ದನ್ನು ನಾನು ಕೇಳಿದ್ದೇನೆ.

ಎಲ್ಲವೂ ಮೆಚ್ಚುವ ಹಾಗಿತ್ತು ಅನ್ನಲಾರೆ. ಪ್ರಚಾರದ ತಂಡ ಅಕ್ಕ ತಮ್ಮನ ವಿಡಿಯೋ ಮಾಡಬೇಕೆಂದು ಹೊರಟಿತು. ಅವರು ಬೇಡವೆಂದ ಮೇಲೂ ಇನ್ನೊಮ್ಮೆ ಕೇಳಿತು. ಮುಖ್ಯಸ್ಥೆ ನಿಲ್ಲಿಸಿದ ಮೇಲೇ ಅದು ನಿಂತದ್ದು. ಇನ್ನೊಂದು ವಿಷಯ ನನ್ನನ್ನು ಈಗಲೂ ಕಾಡುತ್ತದೆ. ಆ ತಮ್ಮ ಹೇಳಿದ್ದನ್ನು ಅಂದೇ ಯಾರಾದರೂ ಕಿವಿಗೊಟ್ಟು ಕೇಳಿ ಒಂದು ರಕ್ತ ಪರೀಕ್ಷೆ ಮಾಡಿಸಿದ್ದರೆ, ನಮ್ಮ ಕಿಟ್ ಏನೂ ಬೇಕಿರಲಿಲ್ಲ. ಇದನ್ನು ನಾನು ಕಂಪನಿಯ ಸಭೆಯಲ್ಲೇ ಹೇಳಿದೆ. ಕಿಟ್ ಮಾರಿ ಬದುಕುವ ಜನ ಅದನ್ನು ಕೇಳಿಸಿಕೊಂಡು, ಮಾದರಿ ಕೊಡುವ ಪ್ರತಿಯೊಬ್ಬರನ್ನೂ ‘ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಹೊತ್ತಿನಲ್ಲಿ ತೊಂದರೆಯಾಗಿತ್ತೇ’ ಎಂದು ಕೇಳಿ, ಹೌದೆಂದವರಿಗೆ ರಕ್ತ ಪರೀಕ್ಷೆಯನ್ನು ಮೊದಲು ಮಾಡಿಸುವ ಪದ್ಧತಿ ತಂದರು. ಈ ಕೆಲಸದಲ್ಲಿ ನಾನು ಉಳಿದಿರುವುದಕ್ಕೆ ಕಾರಣ ಕೇಳಿದರೆ ಅದನ್ನೇ ಹೇಳುತ್ತೇನೆ.

ಚಳಿಗಾಲ ಕಳೆಯುವ ಹೊತ್ತಿಗೆ ಅಕ್ಕನಿಂದ ಫೋನ್ ಬಂತು. ಕಲ್ಯಾಣದುರ್ಗ, ಕುಂದುರ್ಪಿ ಕಡೆಯ ನೆಂಟರನ್ನೆಲ್ಲ ಅಂಗಡಿಗೆ ಕರೆಸಿದ್ದೇನೆ, 'ರಕ್ತ ತಗಳಾಕೆ ಬನ್ನಿ' ಅಂದರು. ಹೋದೆವು. ಈ ಸಲ ಬ್ಯಾಟರಿಯಲ್ಲಿ ಓಡುವ ಯಂತ್ರ ಜೊತೆಗಿತ್ತು. ಗಲ್ಲಾದ ಹತ್ತಿರ ತಮ್ಮ ಕೂತು ಬಂದವರಿಗೆ ಒಬ್ಬೊಬ್ಬರಿಗೂ ತಮ್ಮ ಕಥೆ ಹೇಳುತ್ತಿದ್ದರು, ಯಾವ ಅಳುಕೂ ಇಲ್ಲದೆ. ಅಕ್ಕ ಜನರನ್ನು ಸಾಲಿನಲ್ಲಿ ಕೂರಿಸುತ್ತಿದ್ದರು.

ಬಸುರಿ ಹುಡುಗಿಯೊಬ್ಬಳು, ಅವರ ಚಿಕ್ಕಪ್ಪನ ಮೊಮ್ಮಗಳು, ಗೋಡೆಗೆ ಒರಗಿ ಹಿಂದೆಯೇ ಉಳಿದಿದ್ದಳು. ನನಗೂ ಇದೆ ಅಂತ ಬಂದುಬಿಟ್ಟರೆ ಏನು ಗತಿ ಎಂದು ಅವಳು ಮೆಲ್ಲಗೆ ಕೇಳಿದ್ದು ನನಗೆ ಕೇಳಿಸಿತು. ನಾನು ಎದ್ದು ಹೋಗಿ ವಿವರಿಸಬೇಕು ಅಂದುಕೊಳ್ಳುವಷ್ಟರಲ್ಲಿ ಅಕ್ಕ ಅವಳ ಹತ್ತಿರ ಹೋಗಿದ್ದರು.

“ಇದ್ರೆ ಇರ್ಲಿ ಬುಡಮ್ಮಿ. ನಂಗೂ ಐತೆ, ನಿಮ್ ಮಾಮಂಗೂ ಐತೆ. ಗೊತ್ತಿಲ್ದೇ ಇದ್ದಾಗ್ಲೇ ಭಯ ಇದ್ದುದ್ದು. ಈಗ ಡಾಕ್ಟ್ರಿಗೆ ಮೊದ್ಲೇ ಹೇಳ್ತೀವಿ, ಆ ಮದ್ದು ಒಂದು ಬ್ಯಾಡ ಅಂತೀವಿ, ಅಷ್ಟೇ.”

ಹುಡುಗಿ ಅವರ ಕುತ್ತಿಗೆಯ ಗಾಯದ ಗೆರೆಯನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ ನಿಧಾನವಾಗಿ ಬಂದು ಟೆಕ್ನಿಷಿಯನ್ ಎದುರಿನ ಕುರ್ಚಿಯಲ್ಲಿ ಕೂತು, ಬಳೆ ಮೇಲಕ್ಕೆ ಸರಿಸಿ, ತೋಳು ಚಾಚಿದಳು.